ಎರಡು ಪರ್ಸೆಂಟ್ ಎಂಬ ಒಂದೇ ಮಾತು

ದಾವಣಗೆರೆಯ ಪೇಟೆಯಲ್ಲಿ ಕಾರ್ಡಿನ ವಿಷಯ ಬಂದರೆ ಕೇಳಿಬರುವುದು ಒಂದೇ ಲೆಕ್ಕ: ‘ಕಾರ್ಡಿಗೆ ಎರಡು ಪರ್ಸೆಂಟ್ ಬೀಳ್ತದೆ.’ ಪಿ.ಜೆ. ಬಡಾವಣೆಯ ಸೀರೆ ಅಂಗಡಿಯಲ್ಲೂ ಇದೇ ಮಾತು, ಮಂಡಿಪೇಟೆಯ ಸಗಟು ಮಳಿಗೆಯಲ್ಲೂ ಇದೇ, ಹರಿಹರದ ಲಾಡ್ಜಿನಲ್ಲೂ ಇದೇ. ಈ ಮಾತಿಗೆ ಅಂಟಿಕೊಂಡು ಮೂರು ನಂಬಿಕೆಗಳಿವೆ. ಒಂದು, ಆ ಎರಡು ಪರ್ಸೆಂಟ್ ಬ್ಯಾಂಕಿನ ಕಮಿಷನ್. ಎರಡು, ಕಾರ್ಡು ತಂದವರು ಗಿರಾಕಿ, ಆದ್ದರಿಂದ ಅದನ್ನು ಕೊಡಬೇಕಾದವರೂ ಅವರೇ. ಮೂರು, ಈಗ ಯುಪಿಐ ಪುಕ್ಕಟೆಯಾಗಿ ಬಂದಿದೆ, ಕಾರ್ಡಿನ ಇಂಗ್ಲಿಷ್ ಪದಗಳ ಲೆಕ್ಕವನ್ನೆಲ್ಲ ಇನ್ನು ಯಾರೂ ತಿಳಿಯಬೇಕಿಲ್ಲ. ಈ ಮೂರೂ ತಪ್ಪು ಎಂಬುದು ನನ್ನ ವಾದ. ಇವುಗಳಿಂದ ಬ್ಯಾಂಕಿಗೆ ಏನೂ ತೊಂದರೆಯಾಗಿಲ್ಲ. ನಷ್ಟವೆಲ್ಲ ಬಿದ್ದಿರುವುದು ಅಂಗಡಿಯವರ ಮೇಲೆ ಮತ್ತು ಅವರನ್ನು ನಂಬಿ ಬರುವ ಗಿರಾಕಿಯ ಮೇಲೆ.

ಹಾಗೆಂದು ಕಡಿತದ ಲೆಕ್ಕ ಗೊತ್ತಿಲ್ಲದ ಊರು ಇದಲ್ಲ. ಮೆಕ್ಕೆಜೋಳದ ಸುಗ್ಗಿಯಲ್ಲಿ ಇಲ್ಲಿನ ಎಪಿಎಂಸಿ ಪ್ರಾಂಗಣಕ್ಕೆ ಹೋಗಿ ನೋಡಿ. ದಲಾಲಿ ಎಷ್ಟು, ಹಮಾಲಿ ಎಷ್ಟು, ತೂಕದ ಕೂಲಿ ಎಷ್ಟು, ಮಾರುಕಟ್ಟೆ ಶುಲ್ಕ ಎಷ್ಟು ಎಂದು ಪಟ್ಟಿಯ ಒಂದೊಂದು ಸಾಲನ್ನೂ ಬೆರಳಿಟ್ಟು ಕೇಳುವ ಜನ ಇಲ್ಲಿದ್ದಾರೆ. ಯಾವ ಕಡಿತ ಯಾರ ಪಾಲಿಗೆ ಎಂಬುದನ್ನು ಕಾನೂನೇ ಹೇಳುತ್ತದೆ: ನಮ್ಮ ರಾಜ್ಯದಲ್ಲಿ ದಲಾಲಿಯನ್ನು ಕೊಳ್ಳುವವರಿಂದ ಪಡೆಯಬೇಕು, ಮಾಲು ತಂದ ರೈತರಿಂದ ಮುರಿದುಕೊಳ್ಳುವಂತಿಲ್ಲ. ಅಧಿಕೃತ ಪಟ್ಟಿಯ ಬದಲು ಬಿಳಿ ಚೀಟಿಯಲ್ಲಿ ಲೆಕ್ಕ ಬರೆದುಕೊಟ್ಟು ರೈತರಿಂದಲೇ ದಲಾಲಿ ಹಿಡಿದಾಗ ಗಲಾಟೆಯಾಗುವುದು, ಅಧಿಕಾರಿಗಳು ಬರುವುದು ಈ ನಿಯಮ ಗೊತ್ತಿರುವುದರಿಂದಲೇ. ಮೆಕ್ಕೆಜೋಳದ ಪಟ್ಟಿಯಲ್ಲಿ ಐದು ರೂಪಾಯಿಯನ್ನೂ ಬಿಡದ ಇದೇ ಪೇಟೆ, ಕಾರ್ಡಿನ ವಿಷಯದಲ್ಲಿ ಮಾತ್ರ ಎಲ್ಲ ಸಾಲುಗಳನ್ನೂ ಅಳಿಸಿ ‘ಎರಡು ಪರ್ಸೆಂಟ್’ ಎಂದು ಒಪ್ಪಿಕೊಂಡು ಕೂತಿದೆ. ನನಗೆ ನೋವಾಗುವುದು ಇಲ್ಲಿ.

ಆ ಸಾಲುಗಳನ್ನು ಬಿಡಿಸಿ ಬರೆಯೋಣ. ಒಂದು ಕಾರ್ಡು ಮಷಿನ್ನಿಗೆ ತಾಗಿದಾಗ ಕೆಲಸ ಮಾಡುವವರು ಮೂವರು. ಗಿರಾಕಿಗೆ ಕಾರ್ಡು ಕೊಟ್ಟ ಬ್ಯಾಂಕು ಇಶ್ಯೂಯರ್. ಅಂಗಡಿಗೆ ಮಷಿನ್ ಕೊಟ್ಟ ಬ್ಯಾಂಕು ಅಕ್ವೈರರ್. ಇಬ್ಬರ ನಡುವೆ ಸಂದೇಶ ಮತ್ತು ಲೆಕ್ಕ ಸಾಗಿಸುವುದು ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮೊದಲಾದ ಜಾಲ. ಅಂಗಡಿಯವರಿಂದ ಕಡಿತವಾಗುವ ಒಟ್ಟು ಮೊತ್ತದ ಹೆಸರು ಮರ್ಚೆಂಟ್ ಡಿಸ್ಕೌಂಟ್ ರೇಟ್, ಅಂದರೆ ಎಂಡಿಆರ್. ಕ್ರೆಡಿಟ್ ಕಾರ್ಡಿನ ಎಂಡಿಆರ್‌ನಲ್ಲಿ ಸಿಂಹಪಾಲು ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗುತ್ತದೆ, ಅದಕ್ಕೆ ಇಂಟರ್‌ಚೇಂಜ್ ಎನ್ನುತ್ತಾರೆ. ಜಾಲಕ್ಕೆ ಅದರ ಶುಲ್ಕ. ಉಳಿದದ್ದು ಮಷಿನ್ ಕೊಟ್ಟ ಬ್ಯಾಂಕಿಗೆ. ಇವೆಲ್ಲದರ ಮೇಲೆ ಶೇ 18 ಜಿಎಸ್‌ಟಿ. ಮಷಿನ್ನಿನ ತಿಂಗಳ ಬಾಡಿಗೆ ಇದ್ದರೆ ಅದು ಬೇರೆ.

‘ಯಾರಿಗೆ ಎಷ್ಟು ಹೋದರೆ ನಮಗೇನು, ಕೊಡುವುದು ನಾವು ತಾನೇ’ ಎನ್ನಬಹುದು. ಆದರೆ ಚೌಕಾಸಿ ಮಾಡುವವರಿಗೆ ಮೊದಲು ಗೊತ್ತಿರಬೇಕಾದದ್ದು ಎದುರಿಗೆ ಕೂತವರ ಕೈಯಲ್ಲಿ ಎಷ್ಟಿದೆ ಎಂಬುದು. ಮಷಿನ್ ಕೊಟ್ಟ ಬ್ಯಾಂಕು ಇಂಟರ್‌ಚೇಂಜ್ ಇಳಿಸಲಾರದು, ಅದು ಅದರ ದುಡ್ಡಲ್ಲ. ತನ್ನ ಪಾಲು ಇಳಿಸಬಹುದು, ಬಾಡಿಗೆ ಬಿಡಬಹುದು, ಕಾರ್ಡಿನ ಬಗೆಗೆ ತಕ್ಕಂತೆ ಬೇರೆ ಬೇರೆ ದರ ಬರೆದುಕೊಡಬಹುದು. ಎಲ್ಲ ಕಾರ್ಡಿಗೂ ಒಂದೇ ದರ ಎಂದು ಸಹಿ ಹಾಕಿದ ಅಂಗಡಿ ಅಗ್ಗದ ಕಾರ್ಡಿಗೂ ದುಬಾರಿ ಕಾರ್ಡಿನ ಬೆಲೆ ತೆರುತ್ತಿರಬಹುದು. ಸಾಲು ಬಿಡಿಸಿ ನೋಡದಿದ್ದರೆ ಇದು ತಿಳಿಯುವ ದಾರಿಯೇ ಇಲ್ಲ.

ಕ್ರೆಡಿಟ್ ಕಾರ್ಡು ದುಬಾರಿ, ಡೆಬಿಟ್ ಕಾರ್ಡು ಅಗ್ಗ ಏಕೆ? ಉದ್ರಿ ಗೊತ್ತಿರುವವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಮದುವೆ ಜವಳಿಯನ್ನು ಉದ್ರಿ ಕೊಟ್ಟ ಅಂಗಡಿಯವರು ಸುಗ್ಗಿಯ ತನಕ ಕಾಯುತ್ತಾರೆ, ಕೆಲವು ಬಾಕಿ ಬರುವುದೇ ಇಲ್ಲ. ಕಾಯುವುದರ ಬೆಲೆ, ಮುಳುಗುವುದರ ಭಯ ಎರಡೂ ಅವರ ತಲೆಯ ಮೇಲೆ. ಗಿರಾಕಿ ಕ್ರೆಡಿಟ್ ಕಾರ್ಡು ಕೊಟ್ಟಾಗ ಆ ಉದ್ರಿ ಅಂಗಡಿಯಿಂದ ಬ್ಯಾಂಕಿನ ಪುಸ್ತಕಕ್ಕೆ ದಾಟುತ್ತದೆ. ಅಂಗಡಿಗೆ ದುಡ್ಡು ಸಾಮಾನ್ಯವಾಗಿ ಮರುದಿನವೇ ಬರುತ್ತದೆ. ಗಿರಾಕಿ ತಿಂಗಳು ಕಳೆದು ಕೊಡಲಿ, ಕೊಡದೇ ಹೋಗಲಿ, ಅದು ಬ್ಯಾಂಕಿನ ತಲೆನೋವು. ಇಂಟರ್‌ಚೇಂಜ್ ಬಹುಮಟ್ಟಿಗೆ ಈ ಕಾಯುವಿಕೆ ಮತ್ತು ಭಯದ ಬೆಲೆ, ಜೊತೆಗೆ ಗಿರಾಕಿಗೆ ಬ್ಯಾಂಕು ಕೊಡುವ ರಿವಾರ್ಡ್ ಪಾಯಿಂಟುಗಳ ಬೆಲೆ. ಡೆಬಿಟ್ ಕಾರ್ಡಿನಲ್ಲಿ ಉದ್ರಿಯೇ ಇಲ್ಲ, ದುಡ್ಡು ಆಗಲೇ ಗಿರಾಕಿಯ ಖಾತೆಯಲ್ಲಿದೆ. ಹಾಗಿರುವಾಗ ಎರಡಕ್ಕೂ ಒಂದೇ ಎರಡು ಪರ್ಸೆಂಟ್ ಎನ್ನುವುದು ರೋಕಕ್ಕೂ ಉದ್ರಿಗೂ ಒಂದೇ ಧಾರಣೆ ಹೇಳಿದಂತೆ. ಮಂಡಿಪೇಟೆಯಲ್ಲಿ ಯಾವ ವ್ಯಾಪಾರಿಯೂ ಹಾಗೆ ಹೇಳುವುದಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮವೂ ಈ ವ್ಯತ್ಯಾಸವನ್ನು ಒಪ್ಪಿದೆ. 2018ರ ಜನವರಿ 1ರಿಂದ ಜಾರಿಗೆ ಬಂದ ಅದರ ಸುತ್ತೋಲೆಯ ಪ್ರಕಾರ, ಹಿಂದಿನ ವರ್ಷ 20 ಲಕ್ಷ ರೂಪಾಯಿವರೆಗೆ ವಹಿವಾಟು ಮಾಡಿದ ಅಂಗಡಿಯಲ್ಲಿ ಡೆಬಿಟ್ ಕಾರ್ಡು ಉಜ್ಜಿದರೆ ಎಂಡಿಆರ್ ಶೇ 0.40 ಮೀರುವಂತಿಲ್ಲ, ಮತ್ತು ಒಂದು ವ್ಯವಹಾರಕ್ಕೆ 200 ರೂಪಾಯಿ ದಾಟುವಂತಿಲ್ಲ. ಅದಕ್ಕಿಂತ ದೊಡ್ಡ ಅಂಗಡಿಗೆ ಮಿತಿ ಶೇ 0.90, ಗರಿಷ್ಠ 1,000 ರೂಪಾಯಿ. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡು ಮತ್ತು ಯುಪಿಐಗೆ ಎಂಡಿಆರ್ ಸೊನ್ನೆ. ಕ್ರೆಡಿಟ್ ಕಾರ್ಡಿಗೆ ಮಾತ್ರ ಇಂಥ ಮಿತಿ ಇಲ್ಲ, ಅಲ್ಲಿ ದರ ಒಪ್ಪಂದದಿಂದ ತೀರ್ಮಾನವಾಗುತ್ತದೆ.

ಈಗ 50,000 ರೂಪಾಯಿಯ ಮದುವೆ ಜವಳಿಯ ಬಿಲ್ಲು ಹಿಡಿಯೋಣ. ರುಪೇ ಡೆಬಿಟ್ ಕಾರ್ಡಿನಲ್ಲಿ ಕಡಿತ ಸೊನ್ನೆ. ಬೇರೆ ಜಾಲದ ಡೆಬಿಟ್ ಕಾರ್ಡಾದರೆ ಸಣ್ಣ ಅಂಗಡಿಗೆ ಹೆಚ್ಚೆಂದರೆ 200 ರೂಪಾಯಿ, ಜಿಎಸ್‌ಟಿ ಸೇರಿ 236. ದೊಡ್ಡ ಅಂಗಡಿಗೆ 450, ಜಿಎಸ್‌ಟಿ ಸೇರಿ 531. ಶೇ 2ರ ಕ್ರೆಡಿಟ್ ಕಾರ್ಡಾದರೆ 1,000, ಜಿಎಸ್‌ಟಿ ಸೇರಿ 1,180. ಮೂರು ಬಗೆಯ ಕಾರ್ಡು, ನಾಲ್ಕು ಲೆಕ್ಕ. ಆದರೆ ಗಲ್ಲಾದಲ್ಲಿ ಕೂತವರು ಯಾವ ಕಾರ್ಡು ಎಂದು ನೋಡದೆ ಎಲ್ಲರಿಂದಲೂ ಸಾವಿರ ರೂಪಾಯಿ ಮೇಲೆ ಕೇಳುತ್ತಾರೆ. ರುಪೇ ಡೆಬಿಟ್ ಕಾರ್ಡು ತಂದ ಗಿರಾಕಿ ಕೊಟ್ಟ ಆ ಸಾವಿರ ಯಾವ ಬ್ಯಾಂಕಿಗೂ ಹೋಗುವುದಿಲ್ಲ, ಇಲ್ಲದ ಖರ್ಚಿನ ಹೆಸರಿನಲ್ಲಿ ಅಂಗಡಿಯಲ್ಲೇ ಉಳಿಯುತ್ತದೆ. ಎರಡು ಲಕ್ಷ ರೂಪಾಯಿಯ ಒಡವೆಗೆ ಡೆಬಿಟ್ ಕಾರ್ಡು ಕೊಟ್ಟವರಿಂದ ನಾಲ್ಕು ಸಾವಿರ ಪಡೆದರೆ, ಅಂಗಡಿಗೆ ಜಿಎಸ್‌ಟಿ ಸೇರಿ ಹೆಚ್ಚೆಂದರೆ ಬೀಳುವುದು 1,180 ರೂಪಾಯಿ. ಅಂಗಡಿಯವರು ಬೇಕೆಂದೇ ಮೋಸ ಮಾಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಲೆಕ್ಕ ಗೊತ್ತಿಲ್ಲದೆ ಮೋಸದ ಜಾಗದಲ್ಲಿ ನಿಂತಿದ್ದಾರೆ ಎನ್ನುತ್ತಿದ್ದೇನೆ.

ಡೆಬಿಟ್ ಕಾರ್ಡಿಗೆ ಗಿರಾಕಿಯಿಂದ ಮೇಲುಹಣ ಪಡೆಯುವುದು ಸರಿಯಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಹೇಳಿತ್ತು. ಅದು ಬ್ಯಾಂಕಿನೊಂದಿಗಿನ ಒಪ್ಪಂದಕ್ಕೆ ವಿರುದ್ಧ, ಹಾಗೆ ಮಾಡುವ ಅಂಗಡಿಯೊಂದಿಗೆ ಬ್ಯಾಂಕು ಸಂಬಂಧವನ್ನೇ ಕಡಿದುಕೊಳ್ಳಬೇಕು ಎಂಬಷ್ಟು ಕಟುವಾಗಿ ಹೇಳಿತ್ತು. ಮೇಲಿನ ಮಿತಿಗಳನ್ನು ಹೇಳಿದ 2017ರ ಸುತ್ತೋಲೆಯಲ್ಲೂ, ಎಂಡಿಆರ್ ಅನ್ನು ಗಿರಾಕಿಯ ಮೇಲೆ ಹಾಕದಂತೆ ನೋಡಿಕೊಳ್ಳುವ ಹೊಣೆಯನ್ನು ಬ್ಯಾಂಕುಗಳಿಗೆ ವಹಿಸಿತು. ಇಷ್ಟಾದರೂ ಪೇಟೆಯಲ್ಲಿ ‘ಅದು ಬ್ಯಾಂಕಿನ ರೂಲು’ ಎಂದು ಗಿರಾಕಿಗೆ ಹೇಳಲಾಗುತ್ತಿದೆ. ರೂಲು ಹೇಳುವುದು ಅದಕ್ಕೆ ತದ್ವಿರುದ್ಧ. ಎಪಿಎಂಸಿಯಲ್ಲಿ ರೈತರ ಪಟ್ಟಿಯಿಂದ ದಲಾಲಿ ಮುರಿದರೆ ಅನ್ಯಾಯವೆನ್ನುವ ನಾವು, ನಮ್ಮ ಗಲ್ಲಾದಲ್ಲಿ ಅದೇ ಕೆಲಸ ನಡೆದಾಗ ರೂಢಿಯೆಂದು ಸುಮ್ಮನಿರಬಾರದು.

ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ನಿಜವಾಗಿಯೂ ಇದೆ. ಲಾಭವೇ ತೆಳುವಾಗಿರುವ ಕಿರಾಣಿ ಅಂಗಡಿಗೆ ಎರಡು ಪರ್ಸೆಂಟ್ ಸಣ್ಣ ಮಾತಲ್ಲ, ಇದನ್ನು ಒಪ್ಪಲೇಬೇಕು. ಆದರೂ ಅದನ್ನು ಬಿಲ್ಲಿನ ಹೊರಗೆ ವಸೂಲಿ ಮಾಡುವುದು ಅಂಗಡಿಗೇ ಅಪಾಯ. ಮೊದಲನೆಯದಾಗಿ, ಬ್ಯಾಂಕಿನೊಂದಿಗಿನ ಒಪ್ಪಂದ ಅದನ್ನು ಒಪ್ಪುತ್ತದೆಯೇ ಎಂದು ಓದಬೇಕು. ಎರಡನೆಯದಾಗಿ, ಸರಕಿನ ಜೊತೆಗೆ ಗಿರಾಕಿಯಿಂದ ಪಡೆದ ಇಂಥ ಹಣ ಮಾರಾಟದ ಮೌಲ್ಯಕ್ಕೇ ಸೇರುತ್ತದೆ, ಅದಕ್ಕೂ ಜಿಎಸ್‌ಟಿ ಕಟ್ಟಬೇಕು. ಅಲ್ಲದೆ 50,000ದ ಬದಲು 51,000 ಉಜ್ಜಿದರೆ ಎಂಡಿಆರ್ ಕೂಡ 51,000ದ ಮೇಲೆಯೇ ಬೀಳುತ್ತದೆ. ಬಾಡಿಗೆ, ಕರೆಂಟು, ಸಂಬಳಗಳಂತೆ ಇದನ್ನೂ ಅಂಗಡಿಯ ಖರ್ಚೆಂದು ಬರೆದು, ಎಲ್ಲರಿಗೂ ಒಂದೇ ಬೆಲೆ ಇಡುವುದೇ ನೇರ ವ್ಯಾಪಾರ.

ಇನ್ನು ಯುಪಿಐ. ಅದು ಸಣ್ಣ ಅಂಗಡಿಗೆ ಮಾಡಿರುವ ಉಪಕಾರ ದೊಡ್ಡದು. ಮಿರ್ಚಿ ಮಂಡಕ್ಕಿ ಗಾಡಿಯಿಂದ ಬೆಣ್ಣೆದೋಸೆ ಹೋಟೆಲಿನ ತನಕ ಚಿಲ್ಲರೆಯ ಜಗಳವನ್ನೇ ಅದು ತಪ್ಪಿಸಿದೆ. ಆದರೆ ‘ಪುಕ್ಕಟೆ’ ಎಂಬ ಮಾತನ್ನು ಒಡೆದು ನೋಡಬೇಕು. ದುಡ್ಡು ಸಾಗಿಸುವ ಖರ್ಚು ಮಾಯವಾಗಿಲ್ಲ, ಬ್ಯಾಂಕುಗಳೂ ಸರ್ಕಾರವೂ ಹೊತ್ತಿವೆ. ಸಣ್ಣ ವ್ಯಾಪಾರಿಗಳು ಪಡೆಯುವ 2,000 ರೂಪಾಯಿವರೆಗಿನ ಯುಪಿಐ ಪಾವತಿಗೆ ಶೇ 0.15ರಂತೆ ಪ್ರೋತ್ಸಾಹಧನ ನೀಡಲು 2024–25ರ ಸಾಲಿಗೆ ಸುಮಾರು 1,500 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2025ರ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟಿತು. ಅದು ತೆರಿಗೆದಾರರ ದುಡ್ಡು. ಇನ್ನೊಂದು ಮಾತು: 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸಬಹುದು. ಒಂದೇ ಕ್ಯೂಆರ್ ಫಲಕಕ್ಕೆ ಇಬ್ಬರು ಫೋನು ಹಿಡಿಯುತ್ತಾರೆ. ಒಬ್ಬರ ಹಣ ಉಳಿತಾಯ ಖಾತೆಯಿಂದ ಬಂದರೆ ಕಡಿತವಿಲ್ಲ. ಇನ್ನೊಬ್ಬರ ಹಣ ಕ್ರೆಡಿಟ್ ಕಾರ್ಡಿನಿಂದ ಬಂದು, ಮೊತ್ತ 2,000 ದಾಟಿದ್ದರೆ ಕಡಿತವಿದೆ. ಸಣ್ಣ ವ್ಯಾಪಾರಿಗೆ ಅದಕ್ಕಿಂತ ಕೆಳಗೆ ವಿನಾಯಿತಿ. ಸ್ಟೇಟ್‌ಮೆಂಟ್ ಓದದವರು ‘ಯುಪಿಐನಲ್ಲೂ ದುಡ್ಡು ಹಿಡಿದರು’ ಎಂದು ಗೊಂದಲಕ್ಕೆ ಬೀಳುತ್ತಾರೆ. ಅಲ್ಲಿ ಹಿಡಿದದ್ದು ಯುಪಿಐ ಅಲ್ಲ, ಅದರ ಹಿಂದಿದ್ದ ಉದ್ರಿ.

ಪುಕ್ಕಟೆ ಎಂದು ಲೆಕ್ಕವನ್ನೇ ಬಿಟ್ಟದ್ದರ ಪೆಟ್ಟು ಎಂಥದು ಎಂಬುದನ್ನು 2025ರ ಜುಲೈ ತೋರಿಸಿತು. ಯುಪಿಐ ಜಮೆಗಳ ಮಾಹಿತಿ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹರಿಹರದ ಹೊಳೆ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯಲ್ಲಿ ಒಬ್ಬ ತರಕಾರಿ ವ್ಯಾಪಾರಿಗೆ, ನಾಲ್ಕು ವರ್ಷದಲ್ಲಿ ಬಂದ 1.63 ಕೋಟಿ ರೂಪಾಯಿ ಜಮೆಗೆ 29 ಲಕ್ಷ ರೂಪಾಯಿಯ ನೋಟಿಸು ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬರಹಗಳು ಎದ್ದವು. ಕೊನೆಗೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು ಭರವಸೆ ಕೊಡಬೇಕಾಯಿತು. ತಪ್ಪು ವ್ಯಾಪಾರಿಗಳದೇ ಎನ್ನುವುದು ಅನ್ಯಾಯ. ಜಮೆಯಾದದ್ದೆಲ್ಲ ತೆರಿಗೆಗೆ ಒಳಪಡುವ ಮಾರಾಟ ಎಂದು ಹಿಡಿದ ಇಲಾಖೆಯ ದಾರಿಯೇ ದೋಷದ್ದು. ಆದರೂ ಯಾವ ಜಮೆ ಮಾರಾಟದ್ದು, ಯಾವುದು ನೆಂಟರು ಕಳಿಸಿದ ಕೈಸಾಲ, ಯಾವುದು ವಿನಾಯಿತಿ ಇರುವ ಸರಕಿನದು ಎಂದು ಬೇರೆ ಬರೆದಿಟ್ಟ ವ್ಯಾಪಾರಿಯ ಕೈಯಲ್ಲಿ ಉತ್ತರವಿತ್ತು. ಬರೆಯದವರ ಕೈಯಲ್ಲಿ ನೋಟಿಸು ಮಾತ್ರ ಇತ್ತು.

ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ತಪ್ಪು ಸದ್ದಿಲ್ಲದೆ ನಡೆಯುತ್ತದೆ. ಮಷಿನ್ ‘ಅಪ್ರೂವ್ಡ್’ ಎಂದು ಚೀಟಿ ಕೊಟ್ಟರೆ ದುಡ್ಡು ಬಂದಂತೆ ಎಂದು ಗುಮಾಸ್ತರು ಭಾವಿಸುತ್ತಾರೆ. ಅದು ಒಪ್ಪಿಗೆ ಮಾತ್ರ. ದಿನದ ಕೊನೆಗೆ ಬ್ಯಾಚ್ ಮುಚ್ಚಿ, ಲೆಕ್ಕ ಬ್ಯಾಂಕಿಗೆ ಹೋಗಿ, ಸೆಟಲ್‌ಮೆಂಟ್ ಆದ ಮೇಲಷ್ಟೇ ಖಾತೆಗೆ ಜಮಾ. ಜಮಾ ಆಗುವಾಗ ಹೆಚ್ಚಿನ ಕಡೆ ಎಂಡಿಆರ್ ಮುರಿದುಕೊಂಡು ಉಳಿದದ್ದು ಬರುತ್ತದೆ. ಅದನ್ನೇ ಮಾರಾಟ ಎಂದು ಬರೆದರೆ ಎರಡು ಕಡೆ ಏಟು. ಮಾರಾಟ ಕಡಿಮೆ ತೋರಿಸಿದಂತಾಗಿ ತೆರಿಗೆಯವರ ಪ್ರಶ್ನೆ ಬರುತ್ತದೆ. ಎಂಡಿಆರ್ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಮಾರಾಟದ ಮೇಲೆ ಕಟ್ಟಬೇಕಾದ ಜಿಎಸ್‌ಟಿಯಿಂದ ಕಳೆದುಕೊಳ್ಳುವ ಹಕ್ಕೂ ಕೈತಪ್ಪುತ್ತದೆ. ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರಿಗೆ ಆ ಹಕ್ಕಿಲ್ಲ, ಉಳಿದ ನೋಂದಾಯಿತ ವ್ಯಾಪಾರಿಗಳಿಗಿದೆ. 2,000 ರೂಪಾಯಿವರೆಗಿನ ಕಾರ್ಡು ವ್ಯವಹಾರದ ಎಂಡಿಆರ್‌ಗೆ ಜಿಎಸ್‌ಟಿ ವಿನಾಯಿತಿಯೂ ಇದೆ. ಔಷಧಿ ಅಂಗಡಿಗೆ, ಹೋಟೆಲಿಗೆ ಇದು ತಿಂಗಳ ಕೊನೆಗೆ ಕಣ್ಣಿಗೆ ಕಾಣುವ ಮೊತ್ತ.

ಎಲ್ಲಕ್ಕಿಂತ ಹೆಚ್ಚು ಪೆಟ್ಟು ಕೊಡಬಲ್ಲ ಪದ ಚಾರ್ಜ್‌ಬ್ಯಾಕ್. ಅದು ಬಾಗಿಲಿಗೆ ಬರುವ ತನಕ ಯಾರೂ ಅದರ ಹೆಸರು ಕೇಳಿರುವುದಿಲ್ಲ. ಮೈಸೂರು ಕಿರ್ಲೋಸ್ಕರ್ ಲೇತುಗಳಿಗೆ ಹೆಸರಾಗಿದ್ದ ಹರಿಹರದಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪೊಂದು, ದೂರದ ಊರಿನ ಗಿರಾಕಿಗೆ ಫೋನಿನಲ್ಲೇ ಪೇಮೆಂಟ್ ಲಿಂಕು ಕಳಿಸಿ ಕಾರ್ಡಿನಿಂದ ದುಡ್ಡು ಪಡೆಯಿತು ಎಂದುಕೊಳ್ಳಿ. ಮಾಲು ಲಾರಿಯಲ್ಲಿ ಹೋಯಿತು. ಕೆಲವು ವಾರದ ಮೇಲೆ ಗಿರಾಕಿ ತನ್ನ ಬ್ಯಾಂಕಿಗೆ ‘ಮಾಲು ಬಂದಿಲ್ಲ’ ಎಂದು ತಕರಾರು ಕೊಡಬಹುದು. ಆಗ ಜಮಾ ಆಗಿದ್ದ ದುಡ್ಡು ವರ್ಕ್‌ಶಾಪಿನ ಖಾತೆಯಿಂದ ಹಿಂದಕ್ಕೆ ಹೋಗುತ್ತದೆ. ಇದೇ ಚಾರ್ಜ್‌ಬ್ಯಾಕ್. ಗಡುವಿನೊಳಗೆ ಬಿಲ್ಲು, ಲಾರಿ ರಶೀದಿ, ಮಾಲು ತಲುಪಿದ ಸಹಿ ಇವನ್ನು ಕೊಟ್ಟವರು ಮರಳಿ ಪಡೆಯಬಹುದು. ಗಡುವು ಮೀರಿದರೆ ಸತ್ಯ ನಮ್ಮ ಕಡೆ ಇದ್ದರೂ ದುಡ್ಡು ಮರಳುವುದು ಕಷ್ಟ. ಚೆಕ್ ಬೌನ್ಸ್ ಆದರೆ ಏನು ಮಾಡಬೇಕೆಂದು ಇಲ್ಲಿನ ಪ್ರತಿ ವ್ಯಾಪಾರಿಗೂ ಗೊತ್ತು. ಚಾರ್ಜ್‌ಬ್ಯಾಕ್ ಬಂದರೆ ಏನು ಮಾಡಬೇಕೆಂದು ಮಷಿನ್ ಕೊಡುವ ದಿನ ಯಾರೂ ಹೇಳುವುದಿಲ್ಲ.

ಈ ಲೆಕ್ಕವನ್ನೆಲ್ಲ ಅಂಗಡಿಯವರಿಗೆ ಬಿಡಿಸಿ ಹೇಳಬೇಕು ಎಂದರೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ಬ್ಯಾಂಕಿನವರು ಹೇಳುವುದು: ಎಲ್ಲವೂ ಒಪ್ಪಂದದಲ್ಲಿದೆ, ಓದಿಕೊಳ್ಳದಿದ್ದರೆ ನಾವೇನು ಮಾಡೋಣ? ಆ ಒಪ್ಪಂದ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿದೆ. ಅಂಗಡಿಗೆ ಗಿರಾಕಿ ತುಂಬಿದ ಹೊತ್ತಿನಲ್ಲಿ ಟ್ಯಾಬ್ಲೆಟ್ಟಿನ ಮೇಲೆ ಬೆರಳಿಂದ ಸಹಿ ಹಾಕಿಸಿಕೊಳ್ಳುವುದನ್ನು ಒಪ್ಪಿಗೆ ಎಂದು ಕರೆಯಲು ನನಗೆ ಮನಸ್ಸು ಬಾರದು. ಸಾಮಾನ್ಯ ಗ್ರಾಹಕರು ಬಳಸುವ ಅರ್ಜಿ, ಚಲನ್, ಪಾಸ್‌ಬುಕ್ಕು ಎಲ್ಲವೂ ಇಂಗ್ಲಿಷ್, ಹಿಂದಿಯ ಜೊತೆಗೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ದಿನಕ್ಕೆ ಸರಾಸರಿ ಐದೂವರೆ ಸಾವಿರ ವ್ಯಾಪಾರ ಮಾಡಿ ವರ್ಷಕ್ಕೆ 20 ಲಕ್ಷ ಮುಟ್ಟುವ ಕಿರಾಣಿಯವರು ಸಾಮಾನ್ಯ ಗ್ರಾಹಕರಲ್ಲದೆ ಮತ್ತೇನು?

ಇನ್ನೊಂದು ಕಡೆ ಭಾಷೆಯ ಮೇಲೆ ಪ್ರೀತಿ ಇರುವವರ ಮಾತು: ಈ ಪದಗಳಿಗೆಲ್ಲ ಕನ್ನಡದಲ್ಲಿ ಹೊಸ ಪದ ಕಟ್ಟಿದರೆ ಸಮಸ್ಯೆ ಮುಗಿಯುತ್ತದೆ. ಅವರ ಪ್ರೀತಿ ನನ್ನದೂ ಹೌದು, ಪರಿಹಾರ ಒಪ್ಪಲಾರೆ. ಎಂಡಿಆರ್ ಅನ್ನು ‘ವ್ಯಾಪಾರಿ ರಿಯಾಯಿತಿ ದರ’ ಎಂದು ಅಚ್ಚು ಹಾಕಿದರೆ ವ್ಯಾಪಾರಿಗೇ ಏನೋ ರಿಯಾಯಿತಿ ಸಿಗುತ್ತದೆ ಎಂದು ಓದುಗರು ತಿಳಿಯುತ್ತಾರೆ. ಪೇಟೆಯ ಜನ ಸ್ವೈಪ್, ಮಷಿನ್, ಯುಪಿಐ ಎಂದು ಸಲೀಸಾಗಿ ಹೇಳುತ್ತಾರೆ, ಎಂಡಿಆರ್ ಎಂದೂ ಹೇಳಬಲ್ಲರು. ಅವರಿಗೆ ಬೇಕಿರುವುದು ಆ ಮೂರಕ್ಷರದ ಹಿಂದೆ ಯಾರಿಗೆ ಎಷ್ಟು ಹೋಗುತ್ತದೆ, ಮಿತಿ ಎಲ್ಲಿದೆ, ತಪ್ಪಾದರೆ ಯಾರ ಬಳಿ ಹೋಗಬೇಕು ಎಂಬ ಕನ್ನಡದ ವಿವರಣೆ.

ಹೀಗೆ ವಿವರಿಸಿ ಕೊಡುವುದು ಆಗದ ಕೆಲಸವೇನಲ್ಲ. ಸಾಲ ಕೊಡುವಾಗ ಒಟ್ಟು ಖರ್ಚನ್ನೆಲ್ಲ ಒಂದೆಡೆ ಬರೆದ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಅನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲಿನಲ್ಲಿ ಆದೇಶಿಸಿತು, ಅದೇ ವರ್ಷದ ಅಕ್ಟೋಬರಿನಿಂದ ಅದು ಸಣ್ಣ ಉದ್ದಿಮೆಗಳ ಅವಧಿ ಸಾಲಕ್ಕೂ ಅನ್ವಯಿಸುತ್ತಿದೆ. ಮಷಿನ್ ಕೊಡುವಾಗಲೂ ಅಂಥದೇ ಒಂದು ಪುಟ ಬೇಕು: ರುಪೇ ಡೆಬಿಟ್ಟಿಗೆ ಎಷ್ಟು, ಬೇರೆ ಡೆಬಿಟ್ಟಿಗೆ ಎಷ್ಟು, ಕ್ರೆಡಿಟ್ಟಿಗೆ ಎಷ್ಟು, ಯುಪಿಐಗೆ ಜೋಡಿಸಿದ ಕ್ರೆಡಿಟ್ಟಿಗೆ ಎಷ್ಟು, ಬಾಡಿಗೆ ಎಷ್ಟು, ದುಡ್ಡು ಯಾವ ದಿನ ಜಮಾ, ಚಾರ್ಜ್‌ಬ್ಯಾಕಿಗೆ ಉತ್ತರಿಸಲು ಎಷ್ಟು ದಿನ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಇದನ್ನು ಕೇಳುವ ಶಕ್ತಿ ಒಂಟಿ ಅಂಗಡಿಗಿಲ್ಲ, ದಾವಣಗೆರೆ–ಹರಿಹರದ ವರ್ತಕರ ಸಂಘಗಳಿಗಿದೆ. ನೂರಾರು ಮಷಿನ್ನುಗಳ ವ್ಯವಹಾರವನ್ನು ಒಟ್ಟಾಗಿ ಮುಂದಿಟ್ಟು ಕೇಳಿದರೆ ಯಾವ ಬ್ಯಾಂಕೂ ಸುಲಭವಾಗಿ ಇಲ್ಲ ಎನ್ನಲಾರದು. ಇದೇ ಊರಿನಲ್ಲಿ ಬೆಳೆದ ಸಹಕಾರಿ ಬ್ಯಾಂಕುಗಳು ಆ ಒಂದು ಪುಟವನ್ನು ಮೊದಲು ಅಚ್ಚು ಹಾಕಿದರೆ, ದೊಡ್ಡ ಬ್ಯಾಂಕುಗಳು ಹಿಂಬಾಲಿಸಲೇಬೇಕಾಗುತ್ತದೆ.

ಅಷ್ಟರ ತನಕ ಕಾಯುತ್ತ ಕೂರಬೇಕಿಲ್ಲ. ಕಳೆದ ತಿಂಗಳ ಸ್ಟೇಟ್‌ಮೆಂಟ್ ತೆಗೆಸಿಕೊಳ್ಳಿ. ಡೆಬಿಟ್ ಕಾರ್ಡಿನ ಸಾಲುಗಳನ್ನು ಬೇರೆ ಮಾಡಿ, ಶೇ 0.40 ಅಥವಾ ಶೇ 0.90ರ ಮಿತಿ ದಾಟಿದೆಯೇ ನೋಡಿ. ರುಪೇ ಡೆಬಿಟ್ಟಿಗೆ ಎಂಡಿಆರ್ ಮುರಿದಿದ್ದರೆ ಲಿಖಿತವಾಗಿ ಕೇಳಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಉತ್ತರ ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಮತ್ತು ಡೆಬಿಟ್ ಕಾರ್ಡು ತಂದ ಗಿರಾಕಿಯಿಂದ ಎರಡು ಪರ್ಸೆಂಟ್ ಕೇಳುವುದನ್ನು ಇವತ್ತೇ ನಿಲ್ಲಿಸಿ. ತನಗೆ ಬೀಳದ ಖರ್ಚನ್ನು ಗಿರಾಕಿಯ ಮೇಲೆ ಹಾಕುವ ಅಂಗಡಿಗೆ, ತನ್ನ ಮೇಲೆ ಬಿದ್ದ ಖರ್ಚನ್ನು ಬ್ಯಾಂಕಿನ ಮುಂದೆ ಪ್ರಶ್ನಿಸುವ ನೈತಿಕ ಬಲ ಇರುವುದಿಲ್ಲ.